ಪಡಸಾಲೆಯ ಮೀನು

ಸಾಕ್ಷಿ ಮೀನಿನ ಗಾಜಿನ ತೊಟ್ಟಿಯ ಕೆಳಮೂಲೆಗೆ ಟವೆಲು ಒತ್ತಿ ಹಿಡಿದಿದ್ದಳು. ಟವೆಲು ತೊಯ್ದು ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಎರಡು ಹೆಜ್ಜೆಯಾಚೆ, ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯಲ್ಲಿ ಅವಳ ಅಪ್ಪ ನಾಗನಾಥನ ಹೆಣವಿತ್ತು.

“ಅದನ್ನ ಬಿಟ್ಟು ಅಪ್ಪನ ಹತ್ರ ಬಂದು ಕೂಡ್ರಬಾರ್ದೇನವ್ವ?” ಎಂದ ದೊಡ್ಡಪ್ಪ ಬಸವಣಪ್ಪ.

“ಅಂಟು ಬಿಟ್ಟದ ದೊಡ್ಡಪ್ಪ. ಕೈ ತಗದ್ರ ನೀರು ಪೂರಾ ಬರ್ತದ.”

ಪೆಟ್ಟಿಗೆಯ ತಲೆಗಡೆ ಕೂತಿದ್ದ ತಾಯಿ ಉಮಾದೇವಿ ಇಬ್ಬರನ್ನೂ ನೋಡಿ ಕಣ್ಣು ತಗ್ಗಿಸಿದಳು. ಹಿಂದಿನ ಸಂಜೆ ಬಸ್ ಡಿಪೋದಲ್ಲಿ ಕುಸಿದ ಗಂಡ ಮತ್ತೆ ಏಳಲಿಲ್ಲ. ಬಸವಕಲ್ಯಾಣದ ಆ ಓಣಿಯೆಲ್ಲ ಈಗ ಪಡಸಾಲೆಯಲ್ಲಿ ಕೂತಿತ್ತು. ಹುಮನಾಬಾದಿನಿಂದ ಅಳಿಯ ಬರಲಿ ಎಂದು ಬಸವಣಪ್ಪ ಮಣ್ಣು ಮಾಡುವುದನ್ನು ತಡೆದಿದ್ದ. ಯಾಕೆಂಬುದು ಉಮಾದೇವಿಗೆ ಗೊತ್ತಿತ್ತು. ಬೆಳಿಗ್ಗೆ ಅಡುಗೆಮನೆಗೆ ಬಂದು ಅವನು ಮೆಲ್ಲಗೆ ಹೇಳಿದ್ದ: “ಮಣ್ಣಾದ ಮ್ಯಾಲ ಸಾಕ್ಷಿನ್ನ ಅವರ ಗಾಡ್ಯಾಗೇ ಕಳಿಸಿಬಿಡಾಣು. ಇನ್ನ ಅಕಿನ್ನ ನೋಡಾವ್ರು ಯಾರಿದಾರ?”

ವರ್ಷವಿಡೀ ಗಂಡನ ಮುಂದೆ ಅದೇ ಮಾತು ಆಡಿದವಳು ಉಮಾದೇವಿಯೇ.

*

ಮದುವೆಯಾದ ಮೂರೇ ತಿಂಗಳಿಗೆ ಸಾಕ್ಷಿ ಹುಮನಾಬಾದಿನಿಂದ ಒಬ್ಬಳೇ ವಾಪಸು ಬಂದಿದ್ದಳು. ಕುತ್ತಿಗೆಯ ಪಕ್ಕ ನೀಲಿಗಟ್ಟಿತ್ತು. ಉಮಾದೇವಿ ಅದನ್ನು ನೋಡಿಯೂ, “ಹೊಸದಾಗ ಇವೆಲ್ಲ ಇರೂವೇ” ಎಂದಳು. ಮಗಳು ಒಳಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಳು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರಬೇಕಾಯಿತು.

ನಾಗನಾಥ ಅದೇ ಹುಮನಾಬಾದ್ ಬಸ್ಸಿನ ಕಂಡಕ್ಟರು. ದಿನವೆಲ್ಲ ಕೂಗಿದ ಗಂಟಲಿಗೆ ಮನೆಯಲ್ಲಿ ರಜೆ ಎನ್ನುತ್ತಿದ್ದ. ಒಂದು ಸಂಜೆ ಅವನೂ ಡ್ರೈವರ್ ಜಲಾಲುದ್ದೀನನೂ ಏದುಸಿರು ಬಿಡುತ್ತ ಗಾಜಿನ ತೊಟ್ಟಿಯೊಂದನ್ನು ಹೊತ್ತು ಒಳಬಂದರು.

“ಹಿಂದಿನ ಸೀಟಿನ ಮ್ಯಾಲ ಇಟ್ಟು ತಂದೇವ್ರಿ ಭಾಭಿ,” ಜಲಾಲುದ್ದೀನನಿಗೆ ನಗು ತಡೆಯಲಾಗಲಿಲ್ಲ. “ಮೀನಿನ ಕವರು ಪ್ಯಾಸೆಂಜರ್ ಮಂದಿ ಕೈಯಾಗ. ತಾನೇ ತನಗ ಲಗೇಜ್ ಟಿಕೀಟು ಹರ್ಕೊಂಡಾನ್ರಿ ನಿಮ್ಮ ಯಜಮಾನ!”

“ಈ ವಯಸ್ಸಿನಾಗ ಇದೇನು ಹುಚ್ಚು?”

ನಾಗನಾಥ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತ. “ಸಾಕ್ಷೀ, ಇವಕ್ಕ ಎಷ್ಟು ಹಾಕ್ಬೇಕು, ಯಾವಾಗ ಹಾಕ್ಬೇಕು, ನನಗೊಂದೂ ತಿಳಿವಲ್ದು. ನಾಳಿ ಮುಂಜಾನಿ ಡ್ಯೂಟಿ ಅದ. ಉಪವಾಸ ಸಾಯ್ತಾವ ನೋಡವ್ವ.”

ಮರುದಿನ ಮಗಳು ಪಡಸಾಲೆಗೆ ಬಂದಳು. ಆಮೇಲೆ ದಿನಾ ಬಂದಳು. ಡ್ಯೂಟಿ ಮುಗಿಸಿ ಬಂದ ಅಪ್ಪ ಖಾಕಿಯಲ್ಲೇ ಅವಳ ಪಕ್ಕ ಕೂರುತ್ತಿದ್ದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಉಮಾದೇವಿಗೆ ಒಮ್ಮೆ ಮಗಳ ನಗು ಕೇಳಿಸಿ, ಬಡಿಯುವ ಕೈ ತಡೆದಿತ್ತು.

*

ಓಣಿಯಲ್ಲಿ ಗಾಡಿ ನಿಂತಿತು. ಅಳಿಯ ಅಶೋಕಕುಮಾರ ಒಳಬಂದು, ಪೆಟ್ಟಿಗೆಯ ಮೇಲೆ ಹಾರವಿಟ್ಟು, ಸೀದಾ ಸಾಕ್ಷಿಯ ಹಿಂದೆ ಹೋಗಿ ನಿಂತ.

“ಏಳು. ಮಂದಿ ನೋಡಾಕತ್ತಾರ.”

ಅವಳು ಅಲುಗಲಿಲ್ಲ.

“ಅವನ್ನ ಗಟಾರಕ್ಕ ಚೆಲ್ಲಿದ್ರ ಆತು. ಹೋಗಿ ಸಾಮಾನು ಕಟ್ಕೋ. ಮಣ್ಣಾದ ಕೂಡ್ಲೇ ಹೊಂಡೂದದ.” ಬಗ್ಗಿದವನೇ ಅವಳ ರಟ್ಟೆ ಹಿಡಿದು ಎಳೆದ.

ಟವೆಲು ಜಾರಿತು. ಮೂಲೆಯ ಅಂಟು ಉದ್ದಕ್ಕೂ ಬಿಟ್ಟುಕೊಂಡಿತು. ಧುಮುಕಿದ ನೀರು ನೆಲದ ಮೇಲೆ ಹರಡಿ, ಫ್ರೀಜರಿನ ವೈರು ಸಿಕ್ಕಿಸಿದ್ದ ಎಕ್ಸ್‌ಟೆನ್ಶನ್ ಬೋರ್ಡಿನ ಕಡೆಗೆ ಓಡಿತು. ಬೋರ್ಡಿನ ಸುತ್ತ ಹೆಂಗಸರು ಕೂತಿದ್ದರು. ಎಲ್ಲರ ಕಣ್ಣೂ ಅಳಿಯನ ಮೇಲೆ. ನೆಲ ನೋಡಿದವಳು ಉಮಾದೇವಿ ಒಬ್ಬಳೇ.

“ಕರೆಂಟು! ಏಳ್ರಿ, ಎಲ್ಲಾರೂ ಏಳ್ರಿ!”

ಹೆಣದ ಪಕ್ಕದಿಂದ ಏಳಬಾರದವಳು ಎದ್ದು ಓಡಿದಳು. ಬಾಗಿಲ ಬಳಿಯ ಮೇನ್ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಗೆಳೆದಳು. ಫ್ಯಾನು ನಿಧಾನವಾಯಿತು. ಫ್ರೀಜರಿನ ಗುಂಯ್ ಸದ್ದು ನಿಂತಿತು. ನೀರು ಬೋರ್ಡನ್ನು ತೋಯಿಸಿ, ಹೆಂಗಸರು ಈಗಷ್ಟೇ ಬಿಟ್ಟೆದ್ದ ಜಮಖಾನೆಯ ಕೆಳಗೆ ನುಗ್ಗಿತು.

ತಿರುಗಿ ನೋಡಿದರೆ ಅಶೋಕಕುಮಾರ ಇನ್ನೂ ಮಗಳ ರಟ್ಟೆ ಬಿಟ್ಟಿರಲಿಲ್ಲ. ಅವನ ಬೆರಳುಗಳ ನಡುವೆ ಅವಳ ಚರ್ಮ ಉಬ್ಬಿ ನಿಂತಿತ್ತು.

“ಕೈ ಬಿಡ್ರಿ.”

“ಅತ್ತಿ, ನಾ ಏನು...”

“ಅಕಿ ಕೈ ಬಿಡ್ರಿ ಅಂದೆ!”

ಬಿಟ್ಟ.

“ಯಾವುದರಾಗ ಹಾಕೂದು ಸಾಕ್ಷಿ? ಜಲ್ದಿ ಹೇಳು.”

“ದೊಡ್ಡದು ಬೇಕವ್ವ. ಉಳಿದ ನೀರೂ ಬೇಕು.”

ಬಾಗಿಲ ಬಳಿ ನಿಂತಿದ್ದ ಜಲಾಲುದ್ದೀನ್ ಅಂಗಳಕ್ಕೆ ಓಡಿ ದೊಡ್ಡ ದೇಗಡಿ ಪಾತ್ರೆ ಹೊತ್ತು ತಂದ. ಬಸವಣಪ್ಪ ಅಡ್ಡ ಬಂದ. “ಅದು ಜಳಕಕ್ಕ ತಂದದ್ದು! ಹೆಣದ ದೇಗಡ್ಯಾಗ ಮೀನಾ?”

“ಅವರಿಗೆ ಕೊಡದಾಗಿನ ನೀರು ಹಾಕ್ರಿ ಭಾವನೋರ. ಅವರೇನೂ ಅನ್ನೂದಿಲ್ಲ.”

ತಾಯಿ ಮಗಳು ಪಕ್ಕಪಕ್ಕ ಬಗ್ಗಿ ಚೊಂಬಿನಿಂದ ನೀರು ತುಂಬಿದರು. ಸಾಕ್ಷಿಯ ಬೊಗಸೆಯಿಂದ ಮೀನು ಒಂದೊಂದಾಗಿ ದೇಗಡಿಗೆ ಇಳಿದವು. ಒಂದು ಫ್ರೀಜರಿನ ಅಡಿಗೆ ಕೊಚ್ಚಿಹೋಗಿತ್ತು. ಜಲಾಲುದ್ದೀನ್ ಹೊಟ್ಟೆಯ ಮೇಲೆ ಮಲಗಿ, ತನ್ನ ಗೆಳೆಯನ ಕೆಳಗೆ ಕೈ ಚಾಚಿ ಅದನ್ನು ಹೊರತೆಗೆದ. ಅದು ಬದುಕಿರಲಿಲ್ಲ. ಅದನ್ನು ಅಂಗೈಯಲ್ಲಿ ತೆಗೆದುಕೊಂಡ ಸಾಕ್ಷಿ ಆ ದಿನ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಬಸವಣಪ್ಪ ಉಮಾದೇವಿಯ ಹತ್ತಿರ ಸರಿದ. “ಮತ್ತ ಆ ಮಾತು? ಗಾಡಿ ನಿಂತದ.”

“ಬಂದಂಗ ಹೋಗ್ಲಿ. ನನ್ನ ಮಗಳು ಇಲ್ಲೇ ಇರ್ತಾಳ.”

“ನಾಳಿ ಮಂದಿ ಕೇಳಿದ್ರ?”

“ನನ್ನ ಕಡಿ ಕಳಿಸ್ರಿ.”

ಬಸವಣಪ್ಪ ಸುತ್ತ ನೋಡಿದ. ಹೆಂಗಸರು ಒದ್ದೆ ಜಮಖಾನೆ ಸುತ್ತತೊಡಗಿದ್ದರು. ಅಶೋಕಕುಮಾರ ಒದ್ದೆಯಾದ ಪ್ಯಾಂಟು ಎತ್ತಿ ಹಿಡಿದು ಹೊರಗೆ ಹೋದ.

ಮಧ್ಯಾಹ್ನ ನಾಗನಾಥನನ್ನು ಹೂ ಕಟ್ಟಿದ ಚಟ್ಟದ ವಿಮಾನದಲ್ಲಿ ಕೂರಿಸಿ ಎತ್ತಿದರು. ಉಮಾದೇವಿಯನ್ನು ಹೆಂಗಸರು ಹೊಸ್ತಿಲಲ್ಲಿ ಹಿಡಿದು ನಿಲ್ಲಿಸಿಕೊಂಡರು. ಅವಳ ಪಕ್ಕದಿಂದ ಸಾಕ್ಷಿ ಹಾದುಹೋದಳು, ಬರಿಗಾಲಲ್ಲಿ, ತೊಯ್ದ ಬಟ್ಟೆಯಲ್ಲೇ. ವರ್ಷದಿಂದ ಅವಳು ಓಣಿಗೆ ಇಳಿದಿರಲಿಲ್ಲ. “ಹೆಣ್ಮಕ್ಕಳು ಬ್ಯಾಡ,” ಎಂದು ಯಾರೋ ಕೂಗಿದರು. ಅವಳು ನಿಲ್ಲಲಿಲ್ಲ.

ಹುಮನಾಬಾದಿನ ಗಾಡಿಯ ಹಿಂಬಾಗಿಲು ತೆರೆದೇ ಇತ್ತು. ಕಾದ ಸಿಮೆಂಟು ರಸ್ತೆಯ ಮೇಲೆ ಅವಳ ಒದ್ದೆ ಹೆಜ್ಜೆಗಳು ಅದರ ಪಕ್ಕದಲ್ಲೇ ಮೂಡುತ್ತ, ವಿಮಾನದ ಹಿಂದೆ ಹಿಂದೆಯೇ ಹೋದವು. ಮನೆ ಬಾಗಿಲ ಮುಂದಿನವು ಆಗಲೇ ಆರತೊಡಗಿದ್ದವು.