ಜಿರಾಫೆಯನ್ನು ಹಂಪಿಗೆ ಕಳಿಸುವ ವಿಚಾರ

ಎಲ್ಲಿಂದ ಶುರು ಮಾಡೋಣ? ಕ್ರಿಸ್ತಶಕ ೧೪೧೫ರಿಂದ ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ನೈರೋಬಿಯ ಹವೆಯಿಂದ ಮಾಡಿದರೆ ನಾನೇ ತಿರುಗಿಸುತ್ತೇನೆ. ಬೈಗುಳದಿಂದಲೇ ಮಾಡೋಣ, ಅದಕ್ಕೆ ಪೀಠಿಕೆ ಬೇಕಿಲ್ಲ.

"ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದೋನು ನಮಗೆ ಹಿಸ್ಟರಿ ಹೇಳ್ಕೊಡ್ತಿದಾನೆ, ಕೇಳ್ರಪ್ಪಾ!"

ಹೇಳಿದವರು ಕೃಷ್ಣಪ್ರಸಾದ: ಕನ್ನಡ ಬಳಗದ ಅಧ್ಯಕ್ಷರು, ಮಾತ್ರೆ ಫ್ಯಾಕ್ಟರಿಯ ಮ್ಯಾನೇಜರು. ಹೇಳಿಸಿಕೊಂಡವನು ಮಧುಕರ: ಅದೇ ಫ್ಯಾಕ್ಟರಿಯ ಪ್ಯಾಕಿಂಗ್ ಮೆಷಿನ್ ಮೆಕ್ಯಾನಿಕ್, ವಯಸ್ಸು ಇಪ್ಪತ್ತಮೂರು. ೨೦೦೪ನೇ ಇಸವಿ, ನೈರೋಬಿಯ ಪಂಗಾನಿ ಬಡಾವಣೆಯ ಬಾಡಿಗೆ ಸಭಾಂಗಣ, ರಾಜ್ಯೋತ್ಸವ ನಾಟಕದ ಕೊನೆಯ ರಿಹರ್ಸಲ್. ನಕ್ಕವರು ನಲವತ್ತು ಜನ. (ನಲವತ್ತೊಂದು. ಕಾಫಿ ಬಗ್ಗಿಸುತ್ತಿದ್ದವರು ತಡವಾಗಿ ನಕ್ಕರು.)

೨.

ನಾಟಕದ ಹೆಸರು '೧೪೧೫'. ಒಂದೇ ವರ್ಷ, ಇಡೀ ಪ್ರಪಂಚ, ಇಪ್ಪತ್ತು ನಿಮಿಷ. ಕಮಿಟಿಯವರ ಮಕ್ಕಳಿಗೆಲ್ಲ ಪಾರ್ಟು ಕೊಡಲೇಬೇಕೆಂಬುದು ಬಳಗದ ಅಲಿಖಿತ ಸಂವಿಧಾನ. ಅಷ್ಟು ಮಕ್ಕಳಿಗೆ ಒಂದು ದೇಶ ಸಾಲದು, ಅದಕ್ಕೇ ಪ್ರಪಂಚ. ಆರು ತಿಂಗಳು ಶನಿವಾರ ಶನಿವಾರ ಲೈಬ್ರರಿಯಲ್ಲಿ ಕೂತು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಬರೆದವನು ಮಧುಕರ. ನಾಟಕದ ದಿನ ಹಂಚುವ ಕಾರ್ಯಕ್ರಮ ಪಟ್ಟಿಯಲ್ಲಿ 'ರಚನೆ: ಮಧುಕರ' ಎಂದು ಅಚ್ಚಾಗಬೇಕಿತ್ತು. ಅವನ ಹೆಸರು ಈವರೆಗೆ ಅಚ್ಚಾಗಿದ್ದು ಪಾಸ್‌ಪೋರ್ಟಿನಲ್ಲಿ ಮಾತ್ರ.

ಅಜಿನ್‌ಕೋರ್ಟ್ ಕದನ: ಇಂಗ್ಲಿಷ್ ಬಿಲ್ಲುಗಾರರು ಫ್ರೆಂಚ್ ಸರದಾರರನ್ನು ಕೆಸರಿನಲ್ಲಿ ಕೆಡವುತ್ತಾರೆ (ಆರು ಮಕ್ಕಳು). ಯಾನ್ ಹುಸ್ ಎಂಬ ಪಾದ್ರಿಯನ್ನು ಸುಡುತ್ತಾರೆ (ಒಬ್ಬ ಹುಡುಗ, ಬೆಂಕಿಯಾಗಿ ಅವನಮ್ಮನ ಕಿತ್ತಳೆ ದುಪಟ್ಟಾ). ಪೋರ್ಚುಗೀಸರು ಆಫ್ರಿಕಾದ ಸೆಯುಟಾ ಹಿಡಿಯುತ್ತಾರೆ (ನಾಲ್ವರು, ಒಂದು ಬೆಡ್‌ಶೀಟ್ ಹಡಗು). ಕಡೆಗೆ, ಇದೇ ಕೀನ್ಯಾದ ಮಾಲಿಂಡಿಯಿಂದ ಹೊರಟ ಜಿರಾಫೆಯೊಂದು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ತಲುಪುತ್ತದೆ. (ನಗಬೇಡಿ. ಇದೂ ನಡೆದದ್ದೇ.)

ಜಿರಾಫೆಯ ಮುಂಗಾಲು ಅಧ್ಯಕ್ಷರ ಮಗಳು, ಹತ್ತು ವರ್ಷದ ತೇಜಸ್ವಿನಿ. ಹಿಂಗಾಲಿಗೆ ಯಾವ ತಾಯಿಯೂ ಮಗುವನ್ನು ಕೊಡಲಿಲ್ಲವಾಗಿ, ನಾಟಕಕಾರನೇ. ಹೀಗಾಗಿ ಜಿರಾಫೆ ಮುಂದೆ ಗಿಡ್ಡ, ಹಿಂದೆ ಎತ್ತರ. ಸದಾ ಇಳಿಜಾರಿನಲ್ಲಿ ಜಾರುತ್ತಿರುವ ಪ್ರಾಣಿ. ಪ್ಲಾಸ್ಟಿಕ್ ಪೈಪಿನ ಕತ್ತು ಮಾಡಿಕೊಟ್ಟವನು ಫ್ಯಾಕ್ಟರಿಯ ಜೊತೆಗಾರ, ಕೀನ್ಯಾ ಕರಾವಳಿಯ ಆಲ್ಫ್ರೆಡ್.

೩.

ಬೈಗುಳಕ್ಕೆ ಮುಂಚೆ ಆದದ್ದು ಇಷ್ಟು.

"ಎಲ್ಲಾ ಸರಿ. ವಿಜಯನಗರ ಎಲ್ಲಪ್ಪಾ?"

"ದೇವರಾಯರು ಆಳ್ತಿದ್ರು ಸರ್." ಧ್ವನಿ ಜಿರಾಫೆಯ ಹೊಟ್ಟೆಯೊಳಗಿಂದ ಬಂತು. "ಆದ್ರೆ ಆ ವರ್ಷ ಇಂಥದ್ದೇ ಆಯ್ತು ಅಂತ ನಂಗೆಲ್ಲೂ ಸಿಗ್ಲಿಲ್ಲ."

"ಪ್ರಪಂಚವೆಲ್ಲಾ ಏನೇನೋ ಮಾಡ್ತಿರೋವಾಗ ನಮ್ಮೋರು ಮಲಗಿದ್ರಾ?"

"ಮಾಡಿರ್ತಾರೆ ಸರ್. ನಂಗೆ ಸಿಗ್ಲಿಲ್ಲ, ಅಷ್ಟೆ."

"ಸಿಗದಿದ್ರೆ ತಂದ್ ಹಾಕು. ಸಿಂಪಲ್! ಈ ಜಿರಾಫೆ ಚೀನಾಕ್ಕೆ ಯಾಕ್ ಹೋಗ್ಬೇಕು? ಹಂಪಿಗ್ ಬರ್ಲಿ. ಗಿಗಿರಿಯ ಎಂಬೆಸಿಗಳಿಂದ ದೊಡ್ ದೊಡ್ ಜನ ಬರ್ತಿದಾರೆ, ಮರ್ಯಾದೆ ಪ್ರಶ್ನೆ."

"ಸುಳ್ಳಾಗತ್ತೆ ಸರ್."

ಆಗ ಬಂತು ಒಂಬತ್ತನೇ ಕ್ಲಾಸು.

ನಗು ಇಳಿದ ಮೇಲೆ ಜಿರಾಫೆಯ ಮುಂಭಾಗ ಮಾತಾಡಿತು. "ಡ್ಯಾಡ್, ನನ್ನ ಡೈಲಾಗಲ್ಲಿ ಚೈನಾ ಇದೆ. ಐ ಆಮ್ ನಾಟ್ ಲರ್ನಿಂಗ್ ಇಟ್ ಅಗೇನ್."

"ಕನ್ನಡದಲ್ಲಿ ಹೇಳು ಪುಟ್ಟಾ, ರಾಜ್ಯೋತ್ಸವ."

"ನೋ."

ಪಕ್ಕದವರಿಂದ ವಿಷಯ ತಿಳಿದುಕೊಂಡ ಆಲ್ಫ್ರೆಡ್ ಇಂಗ್ಲಿಷಿನಲ್ಲಿ ಕೇಳಿದ: "ಹಂಪಿಯಲ್ಲಿ ಹಡಗು ಎಲ್ಲಿ ನಿಲ್ಲುತ್ತೆ, ಬಾಸ್?"

ಅಧ್ಯಕ್ಷರು ಅವನಿಗೆ ಕಾಫಿ ಕೊಡಿಸಿದರು.

೪.

(ಈ ಭಾಗವನ್ನು ಮೂರು ಸಲ ಹರಿದಿದ್ದೇನೆ. ಮೊದಲನೆಯದರಲ್ಲಿ ಮಧುಕರ ಸತ್ಯದ ಬಗ್ಗೆ ಎರಡು ಪುಟ ಭಾಷಣ ಮಾಡಿ, ನಿಮ್ಮ ಕಣ್ಣು ತುಂಬಿಸುತ್ತಿದ್ದ.)

"ಅಣ್ಣಾ, ನನ್ ಬಾಯಿಗೆ ಭಾಷಣ ತುರುಕಬೇಡ," ಎಂದ ಮಧುಕರ ನನಗೆ. "ಅರ್ಧ ಗಂಟೆಯಿಂದ ಬಗ್ಗಿ ನಿಂತಿದೀನಿ, ಸೊಂಟ ಬಿದ್ದುಹೋಗಿದೆ."

"ಅಷ್ಟು ಜನರೆದುರು ಅಂದರಲ್ಲ, ಸಿಟ್ಟು ಬರಲಿಲ್ಲವಾ?"

"ಮೈಯೆಲ್ಲಾ ಉರೀತಿದೆ. ಒಂಬತ್ತಂತೆ! ನಾನ್ ಬಿಟ್ಟಿದ್ದು ಎಂಟನೇ ಕ್ಲಾಸು. ಅದೂ ಸರಿಯಾಗ್ ಹೇಳಕ್ ಬರಲ್ಲ ಇವ್ರಿಗೆ."

೫.

ಆಯ್ಕೆ ನಿಮ್ಮದು:

ಅ) ಜಿರಾಫೆ ಹಂಪಿಗೆ ಹೋಗುತ್ತದೆ. ದೇವರಾಯ ಕೋಸಂಬರಿ ತಿನ್ನಿಸುತ್ತಾನೆ. ಚಪ್ಪಾಳೆ. 'ರಚನೆ: ಮಧುಕರ'.

ಆ) ಜಿರಾಫೆ ಚೀನಾಕ್ಕೆ ಹೋಗುತ್ತದೆ. 'ರಚನೆ: ಕನ್ನಡ ಬಳಗ'.

ಇ) ಅಜಿನ್‌ಕೋರ್ಟಿನಲ್ಲಿ ಫ್ರೆಂಚರೇ ಗೆಲ್ಲುತ್ತಾರೆ, ಏಕೆಂದರೆ ಖಜಾಂಚಿಯ ಮಗ ಫ್ರೆಂಚ್ ಕಡೆ. (ಇದು ರಿಹರ್ಸಲಿನಲ್ಲಿ ಆಗಲೇ ಎರಡು ಸಲ ನಡೆದಿದೆ.)

೬.

"ಕಡೇ ಸಲ ಕೇಳ್ತಿದೀನಿ ಮಧುಕರ," ಎಂದರು ಅಧ್ಯಕ್ಷರು. ಪ್ರೆಸ್ಸಿನವನು ಫೋನಿನಲ್ಲಿ ಕಾಯುತ್ತಿದ್ದ. "ನಿನ್ ಹೆಸ್ರು ಹಾಕಿಸ್ಲೋ ಬೇಡ್ವೋ? ಜಿರಾಫೆ ಎಲ್ಲಿಗೆ?"

ಬಟ್ಟೆಯೊಳಗೆ ಮಧುಕರ ಮೆಲ್ಲಗೆ ಸೊಂಟ ನೆಟ್ಟಗೆ ಮಾಡಿದ. ಸೇಫ್ಟಿಪಿನ್ನುಗಳು ಒಂದೊಂದಾಗಿ ಹಾರಿದವು. ಜಿರಾಫೆಯ ಹಿಂಭಾಗ ಮುಂಭಾಗವನ್ನು ಅಲ್ಲೇ ಬಿಟ್ಟು ತಿರುಗಿತು. ಬಾಲ ಕುಣಿಸುತ್ತ ನಲವತ್ತೊಂದು ಜನರ ನಡುವೆ ಬಾಗಿಲತ್ತ ನಡೆಯಿತು.

"ಅಂಕಲ್, ವೇಟ್! ನಾನು ಬ್ಯಾಲೆನ್ಸ್ ಆಗ್ತಿಲ್ಲ!" ಎಂದು ಕೂಗಿದಳು ತೇಜಸ್ವಿನಿ.

ನಾನೂ ಕೂಗಿದೆ: "ಏ, ಉತ್ತರ ಹೇಳಿ ಹೋಗೋ! ಕಥೆ ಮುಗಿಸಬೇಕು!"

ಅವನು ತಿರುಗಲಿಲ್ಲ. ಹೊರಗೆ ಮಟಾಟು ಎಂಬ ಬಾಡಿಗೆ ವ್ಯಾನೊಂದು ಪಕ್ಕಕ್ಕೆ ಬಂದು ನಿಧಾನಿಸಿತು. ಕಂಡಕ್ಟರ್ ಚುಕ್ಕೆ ಚುಕ್ಕೆ ಕಾಲುಗಳನ್ನು ಮೇಲಿಂದ ಕೆಳಗೆ ನೋಡಿ, ಎಲ್ಲಿಗೆ ಎಂದು ಕೇಳಿದ.

ಅವನಿಗೂ ಹೇಳದೆ ಮಧುಕರ ನಡೆಯುತ್ತಲೇ ಹೋದ.