ಎಡಗಡೆಯ ಮಡ್‌ಗಾರ್ಡ್

ಹೊಗೆ ಬೆಳ್ಳಗಾಗುತ್ತಿದೆ, ಅಂದರೆ ಕಾವು ಜಾಸ್ತಿಯಾಯಿತು, ಎತ್ತು, ಎತ್ತು — ಅವಳು ಕಾದ ಕಡ್ಡಿಯನ್ನು ಸರಕ್ಕನೆ ಎತ್ತಿದಳು, ಬಿರುಕಿನ ಅಂಚಿನಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಗುಳ್ಳೆಯೊಂದು ಎದ್ದು ಚಪ್ಪಟೆಯಾಯಿತು, ಇಷ್ಟು ವರ್ಷ ಬಕೆಟ್ಟು, ಡ್ರಮ್ಮು, ನೀರಿನ ಟ್ಯಾಂಕು ಅಂತ ಊರಿನ ಒಡಕನ್ನೆಲ್ಲ ಬೆಸೆದವಳಿಗೆ ಇವತ್ತು ಕಾವಿನ ಅಂದಾಜೇ ಸಿಗುತ್ತಿಲ್ಲ, ಕೈ ಸರಿಯಾಗೇ ಇದೆ, ತಲೆ ನೆಟ್ಟಗಿಲ್ಲ, ಶೆಡ್ಡಿನ ಬಾಗಿಲಾಚೆ ಅಣ್ಣನ ನಗು ಕೇಳುತ್ತಿದೆ, ಮಗಳು ಗಿಣಿಗೆ ಯಾವುದೋ ಬುರುಡೆ ಬಿಡುತ್ತಿದ್ದಾನೆ, ಪೈಪ್ ಒಡೆದು ನೀರು ಚಿಮ್ಮಿ ಸಾಹೇಬರ ಟೋಪಿ ಹಾರಿಹೋದ ಕಥೆ ಇರಬೇಕು, ಸಾವಿರ ಸಲ ಹೇಳಿದ್ದಾನೆ, ಮಗಳು ಸಾವಿರದ ಸಲವೂ ಬಿದ್ದು ಬಿದ್ದು ನಗುತ್ತಾಳೆ, ಹೆಲ್ಮೆಟ್ ಆಗಲೇ ಹಾಕಿಕೊಂಡು ಕೂತಿದ್ದಾಳೆ, ಅದೂ ಗುಡ್ಡ ಹತ್ತಲು ಇಲಾಖೆ ಮಾವನಿಗೆ ಕೊಟ್ಟ ನಾಲ್ಕು ಚಕ್ರದ ಬೈಕ್ ಗಾಡಿಯ ಮಡ್‌ಗಾರ್ಡೇ ಇನ್ನೂ ಅಮ್ಮನ ಮೇಜಿನ ಮೇಲಿರುವಾಗ, ಗುಡ್ಡದ ಮೇಲಿನ ದೊಡ್ಡ ನೀರಿನ ತೊಟ್ಟಿ ತೋರಿಸ್ತಾನಂತೆ ಮಾವ, ಪೈಪ್‌ಲೈನ್ ಪಕ್ಕದ ದಾರಿಯಲ್ಲೇ ಹೋಗೋದಂತೆ, ಒಂದು ಕಡೆ ಕಂದಕ, ಒಂದು ಕಡೆ ಪೈಪು, ಕಂದಕ ಯಾವ ಕಡೆಗೆ, ಹೋಗುವಾಗ ಎಡಗಡೆಗೆ, ಅಲ್ಲವೇ, ಎಡಗಡೆಗೇ. ಅವಳು ಕಡ್ಡಿಯನ್ನು ಒದ್ದೆ ಬಟ್ಟೆಗೆ ಒತ್ತಿದಳು, ಚುಂಯ್ ಎಂದಿತು, ಮತ್ತೆ ಶುರು ಮಾಡಿದಳು.

ಬಿರುಕಿನ ಬಾಯಿ ನೋಡಬೇಡ ಕಣೇ, ತುದಿ ಹುಡುಕು, ಅಂತ ಹೇಳಿಕೊಟ್ಟವನು ಅಣ್ಣನೇ, ಅವನಿನ್ನೂ ನೀರಿನ ಇಲಾಖೆಗೆ ಸೇರಿರಲಿಲ್ಲ, ಈ ಶೆಡ್ಡು ಅವನದಾಗಿತ್ತು, ಬಗ್ಗಿಸು, ಇನ್ನೂ ಬಗ್ಗಿಸು, ಬೆಳ್ಳಗೆ ಗೀರು ಎಲ್ಲಿವರೆಗೂ ಕಾಣುತ್ತೋ ಅಲ್ಲಿವರೆಗೂ ಒಡೆದಿದೆ ಅಂತಲೇ ಲೆಕ್ಕ, ಅಲ್ಲೊಂದು ತೂತು ಹಾಕು, ಇಲ್ಲದಿದ್ದರೆ ನೀನು ಹಿಂದೆ ಮುಚ್ಚುತ್ತಾ ಬಂದ ಹಾಗೆ ಅದು ಮುಂದೆ ಓಡುತ್ತಾ ಇರುತ್ತೆ — ಹಾಗೆ ಕಣ್ಣು ಕಿರಿದು ಮಾಡಿ ಕೂದಲೆಳೆಯಂಥ ಗೀರನ್ನು ಹಿಡಿಯುತ್ತಿದ್ದವನು, ಇವತ್ತು ಬೆಳಿಗ್ಗೆ ಮಡ್‌ಗಾರ್ಡ್ ತಂದುಕೊಟ್ಟು ಏನೆಂದ, ಗೇಟಿಗೆ ಸ್ವಲ್ಪ ತಾಗ್ತು, ಆ ಗೇಟು ಕಟ್ಟಿದವನಿಗೆ ಬುದ್ಧಿ ಇಲ್ಲ. ಬಿರುಕಿನೊಳಗೆ ಗೇಟಿನ ಕಂಬದ ಹಳದಿ ಬಣ್ಣ ಹತ್ತಿಕೊಂಡಿದೆ, ಅದನ್ನು ಕೆರೆದು ತೆಗೆಯುವಾಗ ಅವಳು ಮಡ್‌ಗಾರ್ಡನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದಳು, ಯಾಕೆಂದರೆ ಆ ಗೇಟು ಅವಳಿಗೆ ಗೊತ್ತು, ಪಂಪ್‌ಹೌಸಿನ ಗೇಟು, ಅದರಲ್ಲಿ ಲಾರಿ ಆರಾಮಾಗಿ ಹೋಗುತ್ತದೆ. ಇದು ಮೂರನೇ ಒಡಕು, ಮೊದಲ ಸಲ ಕಲ್ಲು ಸಿಡೀತು ಅಂದ. ಎರಡನೇ ಸಲ ಮರದ ಕೊಂಬೆ ಅಂದ. ಎರಡೂ ಸಲ ಎಡಗಡೆಯದೇ, ಬಲಗಡೆಯ ಮಡ್‌ಗಾರ್ಡ್ ಮಾತ್ರ ಶೋರೂಮಿನಿಂದ ನಿನ್ನೆ ಬಂದ ಹಾಗೆ ಮಿರಮಿರ ಮಿಂಚುತ್ತದೆ, ಕಲ್ಲಿಗೂ ಕೊಂಬೆಗೂ ಗೇಟಿಗೂ ಎಡಗಡೆಯ ಮೇಲೇ ಏನಪ್ಪಾ ಅಂಥ ಹಗೆ. ಊಟಕ್ಕೆ ಬಂದರೆ ಮೇಜಿನ ಎಡತುದಿಗೇ ಹೋಗಿ ಗೋಡೆಗೆ ಒತ್ತಿಕೊಂಡು ಕೂರುತ್ತಾನೆ, ಎಲ್ಲರೂ ತನ್ನ ಬಲಕ್ಕೇ ಬರುವ ಹಾಗೆ, ಎಡಗಡೆ ಇಟ್ಟ ಚಹಾ ಹಾಗೇ ಆರಿಹೋಗುತ್ತದೆ, ಯಾಕೋ ಬೇಡ ಅನ್ನಿಸ್ತು ಅನ್ನುತ್ತಾನೆ, ಚಹಾ ಬೇಡ ಅನ್ನಿಸುವ ಜನ್ಮವೇ ಅದು! ಅವಳು ಉಗುರಿನಿಂದ ಬೆಸುಗೆಯ ದಂಡೆಯನ್ನು ಒತ್ತಿ ನೋಡಿದಳು, ಇನ್ನೂ ಮೆತ್ತಗಿತ್ತು.

ತನ್ನ ಹಳೆಯ ಬೆಸುಗೆ ಬಿಟ್ಟಿಲ್ಲ, ಅದು ಕಲ್ಲಿನ ಹಾಗೆ ಕೂತಿದೆ, ಒಳಗೆ ಸ್ಟೀಲ್ ಜಾಲರಿ ಹೂತಿದ್ದಾಳೆ, ಒಡೆದದ್ದು ಅದರ ಪಕ್ಕ, ಬೆಳಿಗ್ಗೆ ಅದನ್ನು ನೋಡಿ ಒಂದು ಗಳಿಗೆ ಹೆಮ್ಮೆಪಟ್ಟಳಲ್ಲ, ಹೆಮ್ಮೆ, ಯಾವ ಮುಖ ಇಟ್ಟುಕೊಂಡು — ಎರಡು ಸಲವೂ ಉಜ್ಜಿ, ಮೇಲೆ ಉರಿ ಆಡಿಸಿ, ಗೀರೂ ಕಾಣದ ಹಾಗೆ ಹೊಳಪು ಬರಿಸಿ ಕಳಿಸಿದ್ದು ಇದೇ ಕೈ, ಅವನ ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ, ಕೇಳುವುದಕ್ಕೆ ಏನು ಉಳಿಸಿದ್ದಳು ಅವಳು? ಬೆಳಿಗ್ಗೆ ಮೆಲ್ಲಗೆ ಕೇಳಿ ನೋಡಿದಳು, ಅಣ್ಣಾ, ಒಂದ್ಸಲ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬರೋಣ್ವಾ, ಯಾಕೆ, ನಿನಗೆ ಕಣ್ಣು ಮಂಜಾಗಿದ್ಯಾ, ಪಾಪ, ವಯಸ್ಸಾಯ್ತು ನಿಂಗೂ, ಅಂತ ನಕ್ಕ, ನಗು ಅರ್ಧಕ್ಕೇ ನಿಂತಿತು, ಆಮೇಲೆ ಮಡ್‌ಗಾರ್ಡನ್ನು ಸವರುತ್ತಾ, ಆ ಗಾಡಿ ಕಿತ್ಕೊಂಡ್ರೆ ನನ್ನನ್ನ ಸ್ಟೋರಲ್ಲಿ ಕೂರಿಸಿ ವಾಲ್ವ್ ಎಣಿಸೋಕೆ ಹಾಕ್ತಾರೆ ಕಣೇ, ಅಂದ, ಯಾರೂ ಕೇಳದೇ ಇದ್ದಾಗ ಯಾಕೆ ಅಂದ ಹಾಗೆ? ಅತ್ತಿಗೆ ತೀರಿಕೊಂಡ ಮೇಲೆ ಮನೆಯಲ್ಲಿ ಅವನು ಕೂತದ್ದೇ ಇಲ್ಲ, ಬೆಳಗಾದರೆ ಗಾಡಿ, ಗುಡ್ಡ, ಪೈಪು, ಯಾವ ಜಾಯಿಂಟಿನಲ್ಲಿ ನೀರು ಜಿನುಗುತ್ತದೆಂದು ಊರಿಗೆ ಮೊದಲು ತಿಳಿಯುವುದು ಅವನಿಗೇ, ಅವನ ಉಸಿರೇ ಅದು, ಅದನ್ನು ಕಿತ್ತುಕೊಳ್ಳುವವಳು ಅವಳೇ ಆಗಬೇಕೆ, ಅಣ್ಣ ಅಂದರೆ ಅವಳಿಗೆ ಜೀವ, ಹೇಳಿಬಿಡುವುದು ಎಷ್ಟು ಹೊತ್ತಿನ ಕೆಲಸ. ಹೇಳದಿದ್ದರೆ ಗಿಣಿ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ, ಅವಳು ಯಾವ ಗಾಡಿ ಹತ್ತಿದರೂ ಎಡಮಂಡಿಯನ್ನು ಹೊರಗೆ ಚಾಚಿಯೇ ಕೂರುವುದು, ಎಷ್ಟು ಬೈದರೂ ಅಷ್ಟೆ, ಆ ಪುಟ್ಟ ಮಂಡಿ, ಆ ಹಳದಿ ಕಂಬ. ಅಮ್ಮಾ ಆಯ್ತಾ? ಆಗ್ತಾ ಇದೆ. ಎಷ್ಟು ಹೊತ್ತೇ, ಮದುವೆ ದಿಬ್ಬಣ ಹೊರಡಿಸ್ತಾ ಇದ್ದೀಯಾ, ಇದು ಅಣ್ಣ. ಮಡ್‌ಗಾರ್ಡನ್ನು ಗಾಡಿಗೆ ಕೂರಿಸಿ ಬೋಲ್ಟ್ ಬಿಗಿ ಮಾಡಿದಳು, ಸಡಿಲ ಮಾಡಿದಳು, ಮತ್ತೆ ಬಿಗಿ ಮಾಡಿದಳು, ಸ್ಪ್ಯಾನರ್ ಜಾರಿ ಬೆರಳು ತರಚಿತು, ಇನ್ನು ಮಾಡಲು ಕೆಲಸವೇ ಉಳಿಯಲಿಲ್ಲ.

ಇಬ್ಬರೂ ಹತ್ತಿ ಕೂತಾಯಿತು, ಗಾಡಿ ಬಿಸಿಲಿಗೆ ಮುಖ ಮಾಡಿ ನಿಂತಿದೆ, ಅಣ್ಣ ಹ್ಯಾಂಡಲ್ ಹಿಡಿದು ನೇರ ಮುಂದೆ ನೋಡುತ್ತಾ ಅಂಗೈ ಚಾಚಿದ, ಕೊಡೇ ಕೀ, ಕೀ ಅವಳ ಜೇಬಿನಲ್ಲಿದೆ, ಅಂಗೈಗೆ ಹಾಕಬೇಕು ಅಷ್ಟೆ, ಹಾಕಲಿಲ್ಲ, ಕಾಲು ತಾನಾಗಿಯೇ ಅವನ ಎಡಕ್ಕೆ ಹೋಯಿತು, ಸದ್ದು ಬಾರದ ಹಾಗೆ ಕೀಯನ್ನು ಎತ್ತಿ ಹಿಡಿದಳು, ಅವನ ಕೆನ್ನೆಯಿಂದ ಒಂದು ಗೇಣು ದೂರಕ್ಕೆ, ಕಣ್ಣಿನ ಮಟ್ಟಕ್ಕೆ, ನೋಡು ಅಣ್ಣ, ನೋಡಿಬಿಡು, ನಾನೇ ಹುಚ್ಚಿ ಅಂತ ಆಗಲಿ, ಬೈಯಿ, ತಲೆಗೆ ಮೊಟಕು — ಎಲ್ಲೇ, ಮಂಗಾಟ ಆಡ್ಬೇಡ, ಅನ್ನುತ್ತಾನೆ, ರೆಪ್ಪೆ ಅಲುಗಲಿಲ್ಲ. ಗಿಣಿ ಕಿಲಕಿಲ ನಕ್ಕಳು, ಮಾವಾ, ಅಮ್ಮ ನಿನ್ನ ಮುಖದ ಹತ್ರಾನೇ ಹಿಡ್ಕೊಂಡಿದ್ದಾಳೆ! ಹಾಂ, ಕಾಣ್ಸುತ್ತಮ್ಮ, ಕಾಣ್ಸುತ್ತೆ, ಅಂದ ಅಣ್ಣ, ಕತ್ತು ತಿರುಗಿಸಿದರೆ ಗುಟ್ಟು ರಟ್ಟಾಗುತ್ತದೆಂದು ತಿರುಗಿಸಲಿಲ್ಲ, ನಗುತ್ತಲೇ ಕೈಯನ್ನು ಎಡಕ್ಕೆ ತಂದ, ಕೀಗಿಂತ ಕೆಳಗೆ, ಕೀಗಿಂತ ಆಚೆ, ಬೆರಳು ಮುಚ್ಚಿದವು, ಒಳಗೆ ಏನೂ ಇಲ್ಲ, ಗಿಣಿಯ ನಗು ನಿಂತುಹೋಯಿತು, ಅವಳು ಒಮ್ಮೆ ಅಮ್ಮನನ್ನು, ಒಮ್ಮೆ ಮಾವನ ಕೈಯನ್ನು ನೋಡುತ್ತಾ ಚಾಚಿದ ಮಂಡಿಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡಳು, ಅಣ್ಣನ ತುಟಿಯ ಮೇಲೆ ಇನ್ನೂ ನಗು ಇದೆ, ಕೈ ಬಿಚ್ಚಿಕೊಂಡಿತು, ಗಾಳಿಯಲ್ಲಿ ಇನ್ನೊಂದು ಕಡೆ ಮುಚ್ಚಿಕೊಂಡಿತು, ಕೀಯನ್ನು ಕೊಡಲೂ ಆಗದೆ ಇಳಿಸಲೂ ಆಗದೆ ಅವಳು ನಿಂತೇ ಇದ್ದಾಳೆ, ಆ ಕೈ, ಬಿರುಕಿನ ತುದಿ ಹುಡುಕುವುದನ್ನು ಕಲಿಸಿದ ಕೈ, ಬಿಚ್ಚುತ್ತದೆ, ಮುಚ್ಚುತ್ತದೆ, ಬಿಚ್ಚುತ್ತದೆ —