ಒಂದೇ ಬಣ್ಣದ ಅಡವಿ

ಮಾರ್ತಾಂಡನ ಮದುವೆ ನಿಂತದ್ದು ಜಾತಕದಿಂದಲ್ಲ, ನೌಕರಿಯಿಂದ. ಜಂಗಲ್ ಖಾತೆಯಲ್ಲಿ ಅವನದು ಹಂಗಾಮಿ ಕೆಲಸ. ಬೆಳಗಾವಿಯಲ್ಲಿ ಅವನಿದ್ದ ಖಾಸಬಾಗದವರೇ ಆದ ಪಂಢರಿನಾಥರಾಯರು ಮಗಳು ಶುಭದಾಳನ್ನು ಕೊಡಲು ಒಪ್ಪಿದ್ದರು, ಆದರೆ ಆ ಒಪ್ಪಿಗೆಯ ಬಾಲಕ್ಕೆ ಒಂದು ಷರತ್ತು ಕಟ್ಟಿದ್ದರು.

"ಹಂಗಾಮಿ ಮನಷ್ಯಾಗ ಹಂಗಾಮಿ ಹೆಂಡ್ತಿ ಸಿಗ್ತಾಳೇನ್ರಿ, ಮಾರ್ತಾಂಡರಾವ್? ಕಾಯಂ ಆಗ್ರಿ. ಮರುದಿನಾನ ಅಕ್ಷತಾ."

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಮುಗಿದು ಎರಡು ತಿಂಗಳಾಗಿತ್ತು. ಊರೆಲ್ಲ ಸ್ವರಾಜ್ಯ ಯಾವಾಗ ಬರುತ್ತದೆಂದು ಲೆಕ್ಕ ಹಾಕುತ್ತಿದ್ದರೆ ಮಾರ್ತಾಂಡ ಕಾಯಂ ಹುಕುಂ ಯಾವಾಗ ಬರುತ್ತದೆಂದು ಲೆಕ್ಕ ಹಾಕುತ್ತಿದ್ದ. ಅದಕ್ಕೆ ಇದ್ದದ್ದು ಒಂದೇ ದಾರಿ. ಖಾನಾಪುರದ ಪಡುವಣ ದಿಕ್ಕಿನ ಒಂದು ಅಡವಿಯನ್ನು ಸುತ್ತಿ, ಎಲ್ಲಿ ಯಾವ ಗಿಡಗಳಿವೆ ಎಂಬ ನಕಾಶೆಯನ್ನು ಮಳೆಗಾಲಕ್ಕೆ ಮೊದಲು ಕಚೇರಿಗೆ ಒಪ್ಪಿಸಬೇಕು.

ಕಚೇರಿಯವರು ಈ ಕೆಲಸಕ್ಕೆ ಆರಿಸಿದ ಕಾಲ ಎಲೆಯುದುರುವ ಕಾಲ. ಬೇಸಿಗೆಯಲ್ಲಿ ಬಂಡಿ ಓಡುತ್ತದೆ, ಜಿಗಣೆಯ ಕಾಟವಿಲ್ಲ. ಆದ್ದರಿಂದ ಸರಕಾರ ಗಿಡ ಗುರುತಿಸುವುದು ಬೇಸಿಗೆಯಲ್ಲೇ. ಗಿಡದ ಮೇಲೆ ಒಂದು ಎಲೆಯೂ ಇರುವುದಿಲ್ಲ ಎಂಬ ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಜೊತೆಗೆ ಕೊಟ್ಟ ಗಾರ್ಡ್ ಲಕ್ಷ್ಮಪ್ಪ ಅದೇ ಅಡವಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು.

"ಇದ್ಯಾವ ಗಿಡ, ಲಕ್ಷ್ಮಪ್ಪ?"

"ಜಂಗ್ಲಿ ರೀ."

"ಅದು?"

"ಅದೂ ಜಂಗ್ಲೀನ ರೀ."

"ಇಷ್ಟ ವರ್ಷ ಇಲ್ಲೇ ಇದ್ದೀ, ಹೆಸರು ಗೊತ್ತಿಲ್ಲೇನು?"

"ಕಳುವಾಗೂ ಗಿಡದ ಹೆಸರಷ್ಟ ನಮಗ ಬೇಕ್ರಿ, ರಾವಸಾಹೇಬ್ರ. ಸಾಗವಾನಿ ಕಳುವಾದ್ರ ನನ್ನ ನೌಕರಿ ಹೋಗತೈತಿ. ಇದನ್ನ ಯಾವ ಹುಚ್ಚ ಕಳ್ಳ ಒಯ್ತಾನ್ರಿ?"

ಹೀಗಾಗಿ ಮಾರ್ತಾಂಡ ಎಲೆಯ ಆಸೆ ಬಿಟ್ಟು ತೊಗಟೆ ಹಿಡಿದ. ಮೊಸಳೆಯ ಬೆನ್ನಿನಂತೆ ಬಿರಿದದ್ದು ಮತ್ತಿ. ಸುಣ್ಣ ಬಳಿದಂತೆ ಬೆಳ್ಳಗೆ, ನುಣ್ಣಗೆ, ಸಿಪ್ಪೆ ಸುಲಿದುಕೊಂಡು ನಿಂತದ್ದು ನಂದಿ. ಕೊಡಲಿಯಿಂದ ಗೀರಿದರೆ ಕೆಂಪಗೆ ಒಸರುವುದು ಹೊನ್ನೆ. ಊರಿನ ಬಡಿಗರನ್ನು ಕೇಳಿದ, ದನ ಕಾಯುವವರನ್ನು ಕೇಳಿದ, ಒಬ್ಬನ ಹೇಳಿಕೆಯನ್ನು ಇನ್ನೊಬ್ಬನಿಂದ ತಾಳೆ ನೋಡಿದ. ಮೊದಮೊದಲು ಮತ್ತಿಯನ್ನೂ ಕಿಂದಳವನ್ನೂ ಅದಲುಬದಲು ಮಾಡಿ ನಗೆಪಾಟಲಾದ. ಹೋಳಿ ಹುಣ್ಣಿಮೆಯ ಹೊತ್ತಿಗೆ ತಪ್ಪುವುದು ನಿಂತಿತು.

ಆಗಲೇ ಅವನಿಗೆ ಒಂದು ವಿಚಿತ್ರ ಕಾಣಿಸಿತು. ಬಂಡಿದಾರಿಯ ಇಳುಕಲಿನಲ್ಲಿ ಮಾತ್ರ ಸಾಗವಾನಿ, ಅದರ ಬಗಲಿಗೆ ಬಿದಿರು. ತಗ್ಗಿನಲ್ಲಿ ಮಣ್ಣು ಜಿಗುಟಾದ ಕೂಡಲೇ ಸಾಗವಾನಿ ಮಾಯ. ಅಲ್ಲಿ ಮತ್ತಿಯದೇ ಸಂಸಾರ. ಹಳ್ಳದ ದಂಡೆಗೆ ನೇರಳೆ, ಮಾವು. ಬೇಸಿಗೆ ಬಂದದ್ದೇ ಗೊತ್ತಿಲ್ಲವೆಂಬಂತೆ ಹಸಿರಾಗಿ ನಿಂತಿದ್ದವು. ಗುಡ್ಡದ ನೆತ್ತಿಯ ಜಂಬಿಟ್ಟಿಗೆ ಕಲ್ಲುಹಾಸಿನ ಮೇಲೆ ನೆಲ್ಲಿ, ಅಳಲೆ, ಕವಲು. ಆಳೆತ್ತರ ಬೆಳೆದು, ಸೊಟ್ಟಗಾಗಿ, ಅಷ್ಟಕ್ಕೇ ಸಾಕೆಂದವು. ಒಂದು ಹೆಸರಿನ ಅಡವಿಯೊಳಗೆ ನಾಲ್ಕು ಅಡವಿಗಳು ಓಣಿ ಹಂಚಿಕೊಂಡು ಕುಳಿತಿದ್ದವು. ಜನ್ಮದಲ್ಲಿ ಮೊದಲ ಸಲ ಮಾರ್ತಾಂಡನಿಗೆ ತಾನೇನೋ ಕಂಡುಹಿಡಿದೆ ಎನ್ನಿಸಿತು. ನಕಾಶೆಗೆ ನಾಲ್ಕು ಬಣ್ಣ ತುಂಬಿದ.

ಬೆಳಗಾವಿ ಕಚೇರಿಯ ಹೆಡ್ ಕ್ಲಾರ್ಕ್ ಚನ್ನಬಸಯ್ಯನವರು ನಕಾಶೆ ಬಿಚ್ಚಿ, ಮೂಗಿನ ಮೇಲೆ ಚಾಳೀಸು ಏರಿಸಿ, ಇಳಿಸಿ, ಮತ್ತೆ ಏರಿಸಿದರು.

"ಇದೇನ್ರಿ ಮಾರ್ತಾಂಡರಾವ್, ನಿಮ್ಮ ಹೋಳಿ ಇನ್ನಾ ಮುಗಿದಿಲ್ಲೇನು?"

"ಅಲ್ರಿ, ನೆಲ ಬದಲಾದಂಗ ಗಿಡಾನೂ ಬದಲಾಗ್ಯಾವ. ಅದಕ್ಕ..."

"ಅಡವಿ ಎಷ್ಟ್ರಿ?"

"ಒಂದು."

"ಅದನ್ನ ನೋಡೂ ಸಾಹೇಬ್ರು ಎಷ್ಟ ಮಂದಿ?"

"ಒಬ್ರು."

"ಮತ್ತ ಬಣ್ಣ ಯಾಕ್ರಿ ನಾಕು?" ಚನ್ನಬಸಯ್ಯನವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. "ನಿಮ್ಮ ಖಾಸಬಾಗದಾಗ ಒಂದ ಓಣ್ಯಾಗ ನೇಕಾರ್ರು, ಬಾಜೂ ಓಣ್ಯಾಗ ಕುಂಬಾರ್ರು, ಅದರಾಚಿ ನೀವು. ಟಪಾಲಿನ ಮ್ಯಾಲ ಏನ ಬರೀತಾರ? ಬರೇ ಖಾಸಬಾಗ. ಮುಟ್ಟೂದಿಲ್ಲೇನು?"

"ಖರೇ ಅದ ರೀ, ಆದ್ರ ಇದು ಸುಳ್ಳಾಗ್ತದಲ್ರಿ."

"ಸುಳ್ಳು ಅಲ್ಲೋ ಮಾರಾಯಾ, ಸಂಕ್ಷೇಪ." ಬಹುವಚನ ಅಲ್ಲಿಗೆ ಮುಗಿಯಿತು. "ಸಾಹೇಬ್ರಿಗೆ ನಾಕ ಬಣ್ಣ ತೋರಿಸಿದ್ರ ನಾಕ ಪ್ರಶ್ನಿ ಕೇಳ್ತಾರ. ಉತ್ತರ ಬರಿಯಾಕ ದೀಪಾವಳಿ ದಾಟ್ತೈತಿ. ನಿನ್ನ ಕಾಯಂ ಕಾಗದ ಅದರ ಬುಡಕ ಕುಂದರತೈತಿ. ಸರಕಾರಕ್ಕ ಉತ್ಪನ್ನದ ರೊಕ್ಕ ಯಾವ ಗಿಡದ್ದು?"

"ಸಾಗವಾನಿದು."

"ಮತ್ತ?"

ಮಾರ್ತಾಂಡ ಆ ವಾರ ಹೊಸ ನಕಾಶೆ ಮಾಡಿದ. ತುಂಬ ಚೊಕ್ಕಟವಾದ ಹಸಿರು. ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗದಂತೆ ಬಳಿದಿದ್ದ. ಕೆಳಗೆ 'ಸಾಗವಾನಿ ಅಡವಿ' ಎಂದು ಬರೆದು ಸಹಿ ಹಾಕಿದ. ಮೃಗಶಿರೆ ಮಳೆಗೆ ಮೊದಲೇ ಕಾಯಂ ಹುಕುಂ ಬಂತು. ಪಂಢರಿನಾಥರಾಯರು ಮಾತಿನ ಮನುಷ್ಯ. ಮುಂದೆ ಸಿಕ್ಕಿದ ಮೊದಲ ಮುಹೂರ್ತಕ್ಕೇ ಅಕ್ಷತೆ ಬಿತ್ತು. ಚನ್ನಬಸಯ್ಯನವರು ಬಂದು ಎರಡು ಸಲ ಜಿಲೇಬಿ ಹಾಕಿಸಿಕೊಂಡರು.

ಮುಂದಿನ ಬೇಸಿಗೆಯಲ್ಲಿ ಸಾಹೇಬರು ಅಡವಿ ನೋಡಲು ಬಂದರು. ಕೆಟ್ಟ ಮನುಷ್ಯನಲ್ಲ. ಅವರ ದುರ್ಗುಣ ಒಂದೇ: ಬಂಡಿದಾರಿ ಬಿಟ್ಟು ನಡೆಯುತ್ತಿದ್ದರು. ತಗ್ಗಿಗಿಳಿದರು, ಹಳ್ಳ ದಾಟಿದರು, ಗುಡ್ಡ ಹತ್ತಿದರು. ನೆತ್ತಿಯ ಮೇಲೆ ನಿಂತು ಕೈಯಲ್ಲಿದ್ದ ನಕಾಶೆಯನ್ನೂ ಮುಂದಿದ್ದ ಸೊಟ್ಟ ಗಿಡಗಳನ್ನೂ ಬಹಳ ಹೊತ್ತು ನೋಡಿದರು. ಮಾರ್ತಾಂಡ ಹೋಗಲಿರುವ ನೌಕರಿಯ ಲೆಕ್ಕ ಹಾಕಿದ. ಮನೆಯಲ್ಲಿ ಶುಭದಾ ಬಸುರಿ.

ಸಾಹೇಬರು ನಕಾಶೆಯನ್ನು ಸಂಶಯಿಸಲಿಲ್ಲ. ಕಾಗದದಲ್ಲಿ ಸಾಗವಾನಿ ಇದೆ, ನೆಲದಲ್ಲಿಲ್ಲ; ಅಂದರೆ ತಪ್ಪು ನೆಲದ್ದು. ಬೇರೆ ಗಿಡಗಳು ನುಗ್ಗಿ ಸಾಗವಾನಿಯನ್ನು ಅಮುಕಿಬಿಟ್ಟಿವೆ ಎಂದು ತೀರ್ಮಾನಿಸಿದರು. ಅವನ್ನೆಲ್ಲ ಕಡಿದು ತೆಗೆದು ಸಾಗವಾನಿ ಸಸಿ ಹಚ್ಚಬೇಕು.

"ಈ ಕಲ್ಲಿನ ಮ್ಯಾಲ ಸಾಗವಾನಿ ಬೇರು ಇಳಿಯೂದಿಲ್ರಿ, ಸಾಹೇಬ್ರ," ಎಂದ ಮಾರ್ತಾಂಡ. ಇಷ್ಟು ಹೇಳಲು ಅವನಿಗೆ ಒಂದು ವರ್ಷ ಹಿಡಿದಿತ್ತು.

ಸಾಹೇಬರು ಸಿಟ್ಟಾಗಲಿಲ್ಲ. ನಕಾಶೆಯ ಕೆಳಗಿನ ಸಹಿಯ ಮೇಲೆ ಬೆರಳಿಟ್ಟು, ಇದು ಯಾರದು ಎಂದು ಕೇಳಿದರು.

"ನಂದ ರೀ."

ಹಾಗಿದ್ದರೆ ಸಂಶಯವೇಕೆ ಎಂದು ಬೆನ್ನು ತಟ್ಟಿದರು. ಬೋಳು ಗಿಡಗಳಲ್ಲಿ ಸಾಗವಾನಿ ಯಾವುದು, ಉಳಿದದ್ದು ಯಾವುದು ಎಂದು ತಪ್ಪಿಲ್ಲದೆ ಹೇಳಬಲ್ಲವನು ಇಡೀ ಕಚೇರಿಯಲ್ಲಿ ಇವನೊಬ್ಬನೇ ಎಂದು ಚನ್ನಬಸಯ್ಯನವರು ಶಿಫಾರಸು ಬರೆದರು. ಕಡಿಯುವ ಗಿಡಗಳಿಗೆ ಗುರುತು ಹಾಕುವ ಕೆಲಸ ಹೀಗೆ ಮಾರ್ತಾಂಡನಿಗೇ ಬಂತು. ಬಡ್ತಿಯೂ ಬಂತು.

ಒಂದು ಮುಂಜಾನೆ ಸುಣ್ಣದ ಬೋಗುಣಿ ಹಿಡಿದ ಲಕ್ಷ್ಮಪ್ಪ ಹಿಂದೆ, ಮಾರ್ತಾಂಡ ಮುಂದೆ.

"ಇದ್ಯಾವುದ್ರಿ, ರಾವಸಾಹೇಬ್ರ?"

"ಮತ್ತಿ." ಗುರುತು ಬಿತ್ತು.

"ಇದು?"

"ನಂದಿ. ಈಚಿ ಕಡೇದು ಹೊನ್ನಿ." ಎರಡಕ್ಕೂ ಬಿತ್ತು.

"ಹೊನ್ನಿ, ಹೊನ್ನಿ," ಎಂದು ಲಕ್ಷ್ಮಪ್ಪ ಬಾಯಿಪಾಠ ಮಾಡಿಕೊಂಡ.

"ಇಷ್ಟ ವರ್ಷ ಬ್ಯಾಡಾಗಿದ್ದ ಹೆಸರು ಈಗ್ಯಾಕೋ ನಿನಗ?"

"ಕಡದ ಬಿದ್ದ ಮ್ಯಾಲ ಇವೂ ಕಳುವಾಗ್ತಾವಲ್ರಿ! ಏನ ಹೋತು ಅಂತ ಸಾಹೇಬ್ರಿಗೆ ಹೇಳಬೇಕಲ್ಲ."

ಮಧ್ಯಾಹ್ನದ ಹೊತ್ತಿಗೆ ಗುಡ್ಡದ ನೆತ್ತಿ ಮುಟ್ಟಿದರು. ಕಲ್ಲಿನ ಸಂದಿಯಲ್ಲಿ ಸೊಟ್ಟಗೆ ನಿಂತ ಒಂದು ಗಿಡ. ಅದರ ಹೆಸರು ಕವಲು ಎಂದು ತಿಳಿಯಲು ಮಾರ್ತಾಂಡ ಹೋದ ವರ್ಷ ಮೂರು ಹಳ್ಳಿ ಅಲೆದಿದ್ದ.

"ಇದ್ಯಾವುದ್ರಿ?"

"ಜಂಗ್ಲಿ," ಎಂದ ಮಾರ್ತಾಂಡ, ಸುಣ್ಣಕ್ಕೆ ಕೈ ಚಾಚಿದ.